ಹಂಗೇರಿಯಲ್ಲಿ ಎದ್ದವರು ಕಾರ್ಮಿಕರೇ, ಅದನ್ನು ಪಿತೂರಿ ಅನ್ನಬೇಡಿ

1956ರಲ್ಲಿ ಹಂಗೇರಿಯ ಜನ ಸೋವಿಯತ್ ಹಿಡಿತದ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಬಂಡೆದ್ದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು "ಅದೆಲ್ಲ ಅಮೆರಿಕದ ಪಿತೂರಿ, ಜಮೀನ್ದಾರರು, ಬಂಡವಾಳಶಾಹಿಗಳು ಎಬ್ಬಿಸಿದ್ದು" ಅಂದುಬಿಡುತ್ತಾರೆ. ಮೊನ್ನೆ ಹಿರಿಯ ಗೆಳೆಯರೊಬ್ಬರೂ ಹಾಗೇ ಅಂದರು. ನನಗೆ ತುಂಬಾ ಸಂಕಟವಾಯಿತು. ನಾನು ಕಾರ್ಮಿಕರ ಮನೆಯಲ್ಲಿ ಬೆಳೆದವನು. ಅಪ್ಪ ಯೂನಿಯನ್ನಿನಲ್ಲಿದ್ದರು, ಮುಷ್ಕರದ ಪೆಂಡಾಲಿನಲ್ಲಿ ಕೂತು ಹೋಂವರ್ಕ್ ಮಾಡಿದ್ದೇನೆ. ಅದಕ್ಕೇ ಈ ಮಾತನ್ನು ಕೇಳಿಯೂ ಕೇಳಿಸದಂತೆ ಇರಲು ನನ್ನಿಂದ ಆಗುವುದಿಲ್ಲ.

ಆಗಿನ ಹಂಗೇರಿಯಲ್ಲಿ ಸರ್ಕಾರ ನಡೆಯುತ್ತಿದ್ದದ್ದು ಕಾರ್ಮಿಕರ ಹೆಸರಿನಲ್ಲಿ. ಆದರೆ ಫ್ಯಾಕ್ಟರಿಯಲ್ಲಿ ದಿನದ ಕೆಲಸದ ಗುರಿ ಏರುತ್ತಲೇ ಇತ್ತು, ಕೈಗೆ ಬರುವ ದುಡ್ಡು ಕರಗುತ್ತಿತ್ತು. "ಶಾಂತಿ ಸಾಲ" ಎಂದು ಸಂಬಳದಲ್ಲೇ ಒಂದು ಪಾಲು ಮುರಿದುಕೊಳ್ಳುತ್ತಿದ್ದರು. ಹಳ್ಳಿಗಳಲ್ಲಿ ಲೆವಿ (ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಧಾನ್ಯ) ವಸೂಲಿಯ ಅಧಿಕಾರಿಗಳು ರೈತರ ಅಟ್ಟ ಹತ್ತಿ, ಬಿತ್ತನೆಗೆ ಇಟ್ಟ ಕಾಳನ್ನೂ ಬಿಡದೆ ಗುಡಿಸಿಕೊಂಡು ಹೋಗುತ್ತಿದ್ದರು. ಎದುರಾಡಿದರೆ ಗುಪ್ತ ಪೊಲೀಸರು ಮನೆಬಾಗಿಲಿಗೆ ಬರುತ್ತಿದ್ದರು. ಇಷ್ಟು ಸಾಲದೇ ಸಿಟ್ಟು ಬರಲು?

ಅಕ್ಟೋಬರ್ 23ರಂದು ಬುಡಾಪೆಸ್ಟಿನ ವಿದ್ಯಾರ್ಥಿಗಳು 16 ಬೇಡಿಕೆಗಳೊಂದಿಗೆ ಮೆರವಣಿಗೆ ಹೊರಟರು. ಸೋವಿಯತ್ ಸೈನ್ಯ ವಾಪಸ್ ಹೋಗಲಿ, ಸರಿಯಾದ ಚುನಾವಣೆ ನಡೆಯಲಿ, ಮುಷ್ಕರದ ಹಕ್ಕು ಇರಲಿ. ಮುಷ್ಕರದ ಹಕ್ಕು! ಕಾರ್ಮಿಕರ ರಾಜ್ಯದಲ್ಲಿ ಅದನ್ನೂ ಕೇಳಿ ಪಡೆಯಬೇಕಿತ್ತು. ಸಂಜೆಯ ಹೊತ್ತಿಗೆ ಪಾಳಿ ಮುಗಿಸಿದ ಕಾರ್ಮಿಕರೂ ಸೇರಿಕೊಂಡರು. ಧ್ವಜದ ನಡುವಿದ್ದ ಕಮ್ಯುನಿಸ್ಟ್ ಲಾಂಛನವನ್ನು ಜನ ಕತ್ತರಿಸಿ ತೆಗೆದರು. ಸ್ಟಾಲಿನ್‌ನ ದೊಡ್ಡ ಕಂಚಿನ ಪ್ರತಿಮೆಯ ಕಾಲನ್ನು ಗ್ಯಾಸ್ ಕಟರಿನಿಂದ ಕೊಯ್ದು, ಹಗ್ಗ ಬಿಗಿದು ಎಳೆದು ಕೆಡವಿದರು. ಪೀಠದ ಮೇಲೆ ಬರೀ ಬೂಟುಗಳು ಉಳಿದವು. ಗ್ಯಾಸ್ ಕಟರ್ ಹಿಡಿದ ಕೈ ಜಮೀನ್ದಾರನದೇ? ಅದೇ ರಾತ್ರಿ ರೇಡಿಯೋ ಕಟ್ಟಡದ ಮುಂದೆ ಗುಂಡು ಹಾರಿತು. ಆಮೇಲೆ ಸೋವಿಯತ್ ಟ್ಯಾಂಕುಗಳು ಬಂದವು.

ಕೊರ್ವಿನ್ ಚಿತ್ರಮಂದಿರದ ಸುತ್ತ ಟ್ಯಾಂಕುಗಳಿಗೆ ಎದುರಾಗಿ ನಿಂತವರಲ್ಲಿ ಮೀಸೆ ಮೂಡದ ಹುಡುಗರೇ ಜಾಸ್ತಿ. ಪೆಟ್ರೋಲ್ ತುಂಬಿದ ಬಾಟಲಿ ಅವರ ಆಯುಧ. ರಸ್ತೆಯಲ್ಲಿ ಊಟದ ತಟ್ಟೆಗಳನ್ನು ಬೋರಲು ಹಾಕಿಡುತ್ತಿದ್ದರು. ನೆಲಬಾಂಬ್ ಇರಬಹುದೆಂದು ಟ್ಯಾಂಕಿನವರು ಅನುಮಾನಿಸಿ ನಿಂತರೆ, ಆ ಗಳಿಗೆಯೇ ಅವರಿಗೆ ಸಾಕಿತ್ತು.

ನಮ್ಮಲ್ಲಿ ಏಕೀಕರಣದ ಸಂಭ್ರಮ ನಡೆದಿದ್ದ ಅದೇ ನವೆಂಬರ್ 1ರಂದು, ಪ್ರಧಾನಿ ಇಮ್ರೆ ನಾಜ್ ಹಂಗೇರಿ ಇನ್ನು ತಟಸ್ಥ ದೇಶ ಎಂದು ಸಾರಿದರು. ಇದಾಗಿ ಮೂರೇ ದಿನಕ್ಕೆ ಸೋವಿಯತ್ ಸೈನ್ಯ ಮತ್ತೆ ಬುಡಾಪೆಸ್ಟಿನ ಮೇಲೆ ಬಿತ್ತು. ಸುಮಾರು 2,500 ಹಂಗೇರಿಯನ್ನರು ಸತ್ತರು. ನಾಜ್ ಅವರನ್ನು 1958ರಲ್ಲಿ ಗಲ್ಲಿಗೇರಿಸಿದರು. ನೆನಪಿರಲಿ, ಅವರೂ ಕಮ್ಯುನಿಸ್ಟರೇ.

ಕೊನೆಯವರೆಗೂ ಹೋರಾಡಿದವರಲ್ಲಿ ಚೆಪೆಲ್ ಎಂಬ ಕಾರ್ಖಾನೆ ಪ್ರದೇಶದ ಕಾರ್ಮಿಕರೂ ಇದ್ದರು. ಬಂದೂಕು ಸುಮ್ಮನಾದ ಮೇಲೆಯೂ ಫ್ಯಾಕ್ಟರಿ ಫ್ಯಾಕ್ಟರಿಗಳ ಕಾರ್ಮಿಕ ಮಂಡಳಿಗಳು ಮುಷ್ಕರ ನಡೆಸಿದವು. ಬುಡಾಪೆಸ್ಟಿನ ಕೇಂದ್ರ ಮಂಡಳಿಯ ಅಧ್ಯಕ್ಷ ಶಾಂಡೋರ್ ರಾತ್ಸ್. ವಯಸ್ಸು 23, ಉಪಕರಣ ತಯಾರಿಸುವ ಕೆಲಸ. ಡಿಸೆಂಬರ್‌ನಲ್ಲಿ ಮಾತುಕತೆಗೆಂದು ಪಾರ್ಲಿಮೆಂಟಿಗೆ ಕರೆಸಿ ಅಲ್ಲೇ ಬಂಧಿಸಿದರು. ಶಿಕ್ಷೆ, ಜೀವಾವಧಿ. ಇದನ್ನು ಓದಿದಾಗ ನನಗೆ ಅಪ್ಪನ ಜೊತೆಗಾರರೆಲ್ಲ ಕಣ್ಮುಂದೆ ಬಂದರು.

ಜನ ಊರು ಬಿಡತೊಡಗಿದರು. ಗಡಿಯ ನೆಲಬಾಂಬುಗಳನ್ನು ಆ ವರ್ಷವೇ ತೆಗೆದಿದ್ದರಿಂದ ಎಷ್ಟೋ ಜೀವ ಉಳಿಯಿತು. ಆಸ್ಟ್ರಿಯಾದ ಆಂಡಾವ್ ಹಳ್ಳಿಯ ಬಳಿ ಕಾಲುವೆಯ ಮೇಲೆ ಒಂದು ಚಿಕ್ಕ ಮರದ ಸೇತುವೆ. ಸಾವಿರಾರು ಜನ ಅದನ್ನು ದಾಟಿಯೇ ಪಾರಾದರು. ಅಳು ಕೇಳಿಸಿ ಗಡಿ ಸೈನಿಕರಿಗೆ ಗೊತ್ತಾಗಬಾರದೆಂದು ಕೂಸುಗಳಿಗೆ ನಿದ್ದೆಯ ಔಷಧಿ ಕೊಟ್ಟು ಎತ್ತಿಕೊಂಡು ಬಂದ ತಾಯಂದಿರಿದ್ದರು. ಡೋಸ್ ಒಂಚೂರು ಹೆಚ್ಚಾದರೆ ಏನು ಗತಿ ಎಂಬ ಭಯ ಅವರಿಗಿರಲಿಲ್ಲವೇ? ಆದರೂ ಹೊರಟರು. ನವೆಂಬರ್ 21ರಂದು ಸೋವಿಯತ್ ಸೈನಿಕರು ಸೇತುವೆಯನ್ನು ಸ್ಫೋಟಿಸಿದರು. ಜನ ನಿಲ್ಲಲಿಲ್ಲ, ಕೊರೆಯುವ ನೀರಿಗಿಳಿದು ದಾಟಿದರು. ಒಂದು ಕೋಟಿಯೂ ಜನಸಂಖ್ಯೆ ಇಲ್ಲದ ದೇಶದಿಂದ ಸುಮಾರು 2 ಲಕ್ಷ ಜನ ಹೊರಟುಹೋದರು. ಹಿಂದಿನ ವರ್ಷವಷ್ಟೇ ವಿದೇಶಿ ಸೈನ್ಯಗಳಿಂದ ಬಿಡುಗಡೆ ಪಡೆದಿದ್ದ ಆಸ್ಟ್ರಿಯಾ ಅವರಿಗೆ ಬಾಗಿಲು ತೆರೆಯಿತು. ಪಿತೂರಿಗೆ ಸೇರಿದವರು ಮನೆ, ಹೊಲ, ಹೆತ್ತವರನ್ನೆಲ್ಲ ಬಿಟ್ಟು ಹೀಗೆ ಓಡುತ್ತಾರಾ?

ಇನ್ನು ನಮ್ಮ ದೇಶದ ಪಾತ್ರ. ಅದೇ ಹೊತ್ತಿಗೆ ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ಬ್ರಿಟನ್, ಫ್ರಾನ್ಸ್, ಇಸ್ರೇಲ್ ದಾಳಿ ಮಾಡಿದಾಗ ನೆಹರೂ ತಕ್ಷಣ ಖಂಡಿಸಿದರು, ಅದು ಸರಿಯೇ. ಹಂಗೇರಿಯ ವಿಷಯಕ್ಕೆ ಬಂದಾಗ ತಡವರಿಸಿದರು. ಅಲ್ಲಿ ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಚುನಾವಣೆ ಆಗಲಿ ಎಂಬ ನಿರ್ಣಯಕ್ಕೆ ನವೆಂಬರ್ 9ರಂದು ಭಾರತ ವಿರುದ್ಧ ಮತ ಹಾಕಿತು. ನೆಹರೂ ಅವರ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಆ ಮತ ತಪ್ಪು. ಆಗಲೇ ಸಮಾಜವಾದಿ ನಾಯಕ ಜಯಪ್ರಕಾಶ್ ನಾರಾಯಣ್ (ಜೆಪಿ) ಸರ್ಕಾರದ ನಿಲುವನ್ನು ಬಹಿರಂಗವಾಗಿ ಟೀಕಿಸಿದರು. ಜೆಪಿ ಯಾವ ಬಂಡವಾಳಶಾಹಿಯ ಏಜೆಂಟ್ ಆಗಿದ್ದರು ಹೇಳಿ? ಬುಡಾಪೆಸ್ಟಿನಲ್ಲಿದ್ದ ನಮ್ಮ ರಾಜತಾಂತ್ರಿಕ ಎಂ.ಎ. ರೆಹಮಾನ್ ಕೂಡ ಚಳವಳಿಯ ಜನರ ಜೊತೆ ಸಂಪರ್ಕ ಇಟ್ಟುಕೊಂಡು ನೆರವಾದರು. ಅವರಿಂದ ನೆರವು ಪಡೆದ ಆರ್ಪಾದ್ ಗೋಂಟ್ಸ್ ಆಮೇಲೆ ಜೈಲು ಸೇರಿದರು, 1990ರಲ್ಲಿ ಹಂಗೇರಿಯ ರಾಷ್ಟ್ರಪತಿಯಾದರು.

ಎಡಪಂಥದ ಗೆಳೆಯರಲ್ಲಿ ನನ್ನ ಕೇಳಿಕೆ ಇಷ್ಟೇ. ಈ ಸಲದ ಮೇ ದಿನದ ಸಭೆಯಲ್ಲಿ ಎಂಟು ಗಂಟೆಯ ಕೆಲಸಕ್ಕಾಗಿ ಹೋರಾಡಿದ ಶಿಕಾಗೋ ಕಾರ್ಮಿಕರ ಜೊತೆಗೆ ಚೆಪೆಲ್ ಕಾರ್ಮಿಕರನ್ನೂ ನೆನೆಯೋಣ. ಶಾಂಡೋರ್ ರಾತ್ಸ್ ಹೆಸರನ್ನು ಮೈಕಿನಲ್ಲಿ ಹೇಳೋಣ. ಯಾರೂ ಮುಂದೆ ಬರದಿದ್ದರೆ ನಾನೇ ಹೇಳುತ್ತೇನೆ, ಐದು ನಿಮಿಷ ಕೊಡಿ.