ಸತ್ಯಾಂಶ: ‘ಪಾಶ್’ ಪದ ಬೊಂಬಾಯಿ ಹಡಗಿನ ಟಿಕೆಟ್‌ನಿಂದ ಬಂದದ್ದಲ್ಲ

ಡೊಂಬಿವಲಿಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಈ ವಾರ ಮತ್ತೆ ಅದೇ ಫಾರ್ವರ್ಡ್. ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನಿಂದ ಬೊಂಬಾಯಿಗೆ ಬರುವಾಗ ಹಡಗಿನ ಎಡಬದಿಯ ಕೋಣೆ, ಮರಳುವಾಗ ಬಲಬದಿಯದು ನೆರಳಲ್ಲಿರುತ್ತಿತ್ತಂತೆ. ಸಾಹುಕಾರರ ಟಿಕೆಟ್ ಮೇಲೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ (ಹೋಗುವಾಗ ಎಡಬದಿ, ಮನೆಗೆ ಮರಳುವಾಗ ಬಲಬದಿ) ಎಂಬುದರ ಇಂಗ್ಲಿಷ್ ಮೊದಲಕ್ಷರ P, O, S, H ಒತ್ತುತ್ತಿದ್ದರಂತೆ. ಅದೇ ಶ್ರೀಮಂತ, ಠಾಕುಠೀಕು ಎಂಬರ್ಥದ ‘ಪಾಶ್’ (posh) ಆಯಿತಂತೆ.

ಮುಂಬಯಿ ಬಂದರಿನ ಹಳೆಯ ಹಡಗುಕಟ್ಟೆ ಬಲ್ಲಾರ್ಡ್ ಪಿಯರ್ ನೋಡಿದವರಿಗೆ ಕಥೆ ನಿಜವೆನಿಸುವುದು ಸಹಜ. ಆದರೆ ಅಂಥ ಮುದ್ರೆಯ ಒಂದು ಟಿಕೆಟ್ಟೂ ಈವರೆಗೆ ಸಿಕ್ಕಿಲ್ಲ. ಈ ವಿವರಣೆ ಬರಹದಲ್ಲಿ ಕಾಣಿಸಿಕೊಂಡದ್ದೇ 1930ರ ದಶಕದಲ್ಲಿ. ಪದವೋ 1914ರ ಹೊತ್ತಿಗೇ ಅಚ್ಚಾಗಿತ್ತು.

19ನೇ ಶತಮಾನದ ಇಂಗ್ಲಿಷ್ ಬೀದಿಮಾತಿನಲ್ಲಿ ‘ಪಾಶ್’ ಎಂದರೆ ಚಿಲ್ಲರೆ ಕಾಸು, ಅರ್ಧ ಪೆನ್ನಿ. ಯುರೋಪಿನ ರೋಮಾ (ಜಿಪ್ಸಿ) ಜನರ ರೊಮಾನಿ ಭಾಷೆಯಲ್ಲಿ ಅದೇ ಸದ್ದಿನ ಪದಕ್ಕೆ ‘ಅರ್ಧ’ ಎಂದರ್ಥ. ಆ ಶತಮಾನದ ಕೊನೆಗೆ ಶೋಕಿಲಾಲನನ್ನೂ ಹಾಗೆ ಕರೆಯುತ್ತಿದ್ದರು. ಇವುಗಳಲ್ಲಿ ಇಂದಿನ ಅರ್ಥದ ಬೇರು ಯಾವುದೆಂದು ನಿಘಂಟುಕಾರರು ಇನ್ನೂ ತೀರ್ಮಾನಿಸಿಲ್ಲ. ಮಕ್ಕಳು ಫಾರ್ವರ್ಡ್ ನಂಬಿ ಶಾಲೆಯಲ್ಲಿ ಹೇಳಿಬಿಡುತ್ತಾರೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ.

‘ನ್ಯೂಸ್’ (news) ನಾಲ್ಕು ದಿಕ್ಕುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ (N, E, W, S) ಎಂಬುದೂ ಇದೇ ಜಾತಿಯದು. ಅದು ‘ನ್ಯೂ’ ಪದದ ಬಹುವಚನ: ಹೊಸ ಸಂಗತಿಗಳು, ಅಷ್ಟೇ.