ಮಡಿ ಕರೆಂಟು

ಮಂಡ್ಯದ ನನ್ನ ಭಾಮೈದ ಮೊನ್ನೆ ಒಂದು ವೈರು ತರಿಸಿದ. ಉದ್ದ ಒಂದೂವರೆ ಮೀಟರ್. ಬೆಲೆ 40 ಸಾವಿರ. ದಪ್ಪದಲ್ಲಿ ಕಬ್ಬಿನ ಜಲ್ಲೆ, ಮೈಮೇಲೆ ಹಾವಿನ ಪೊರೆಯಂಥ ಬಲೆ, ಎರಡು ತುದಿಗೂ ಚಿನ್ನದ ನೀರು. ಇಷ್ಟೆಲ್ಲಾ, ಗೋಡೆಯ ಪ್ಲಗ್ಗಿನಿಂದ ಹಾಡು ಕೇಳೋ ಆಂಪ್ಲಿಫೈಯರ್‌ವರೆಗೆ ಕರೆಂಟು ಸಾಗಿಸೋದಕ್ಕೆ.

"ಭಾವ, ಕರೆಂಟಲ್ಲಿ ಕೊಳೆ ಇರುತ್ತೆ. ಇದು ಸೋಸುತ್ತೆ. ಕಣ್ಣು ಮುಚ್ಕೊಂಡು ಕೇಳಿ, ವೀಣೆ ಸುತ್ತ ಗಾಳಿ ಆಡ್ತಿದೆ."

ಕಣ್ಣು ಮುಚ್ಚಿದೆ. ಗಾಳಿ ಫ್ಯಾನಿನದು. ವೀಣೆಯ ಹಿಂದೆ ಗುಂಯ್ ಅಂತ ಒಂದು ದುಂಬಿ ಬೇರೆ. ಅದು ಹಳೇ ವೈರಿನ ಕಾಲದಿಂದಲೂ ಇತ್ತಂತೆ.

ಕೊಳೆ ಇರೋದು ಸುಳ್ಳಲ್ಲ. ಮಿಕ್ಸಿಯ ಬ್ರಷ್ಷಿನ ಕಿಡಿ, ಅಗ್ಗದ ಎಲ್‌ಇಡಿ ಬಲ್ಬು, ಎಲ್ಲವೂ ಲೈನಿಗೆ ಒಂದಿಷ್ಟು ಗಲೀಜು ಬಿಡುತ್ತವೆ. ಆದರೆ ಆಂಪ್ಲಿಫೈಯರ್ ಬಂದ ಕರೆಂಟನ್ನು ಹಾಗೇ ನುಂಗುವುದಿಲ್ಲ. ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಸಿ, ಡಯೋಡಿನಲ್ಲಿ ಒಂದೇ ದಿಕ್ಕಿಗೆ ಹರಿಯುವ ಡಿಸಿ ಮಾಡಿ, ಕೆಪಾಸಿಟರಿನಲ್ಲಿ ತುಂಬಿಟ್ಟುಕೊಂಡು ಬಳಸುತ್ತದೆ. ಸೋಸುವ ಕೆಲಸ ಬಹುಪಾಲು ಒಳಗೇ ಆಗಿರುತ್ತದೆ.

ಇನ್ನು ಆ ಒಂದೂವರೆ ಮೀಟರಿನ ಹಿಂದೆ ಏನಿದೆ? ನಮ್ಮ ಮಾವನವರ ಕಾಲದ ಅಲ್ಯೂಮಿನಿಯಂ ವೈರು. ಅದರಾಚೆ ಕಂಬ. ಕಂಬದ ತಂತಿಗೆ ಯಾರೋ ಜಡೆ ಹೆಣೆದಂತೆ ಸುತ್ತಿದ ಜಾಯಿಂಟು, ಜೋರು ಗಾಳಿ ಬಂದರೆ ದೀಪಾವಳಿ. 230 ವೋಲ್ಟ್ ಇರಬೇಕಾದ ಕಡೆ ಸಂಜೆ ಬೀದಿಯ ಮೋಟಾರೆಲ್ಲ ಓಡಿದರೆ 180. ನ್ಯೂಟ್ರಲ್ ತಂತಿ ಕಿತ್ತುಹೋದ ದಿನ ಅದೇ ಪ್ಲಗ್ಗಿನಲ್ಲಿ 300 ದಾಟಿ ಟಿವಿ, ಫ್ರಿಜ್ಜು ಎರಡೂ ಸತ್ತವು. ಬೀದಿಯವರೆಲ್ಲ ಒಂದು ಅರ್ಜಿ ಕೊಡೋಣ ಅಂದಾಗ ಇವನಿಗೆ ಪುರುಸೊತ್ತಿರಲಿಲ್ಲ. ವಿಶ್ವೇಶ್ವರಯ್ಯ ನಾಲೆಯುದ್ದಕ್ಕೂ ಎಮ್ಮೆ ತೊಳೆಯಲಿ, ನಮ್ಮ ಗದ್ದೆಗೆ ಬೆಳ್ಳಿ ತೂಬು ಇಟ್ಟರೆ ಬರೋದು ಪನ್ನೀರೇ ಅನ್ನೋ ಲೆಕ್ಕ.

ಅಂದಹಾಗೆ, ಮೈಸೂರು ಸೀಮೆಯ ಕರೆಂಟಿಗೆ ನಮ್ಮ ಜಿಲ್ಲೆಯೇ ತವರು. 1902ರಲ್ಲೇ ಶಿವನಸಮುದ್ರದಲ್ಲಿ ಹುಟ್ಟಿ, ಹುಟ್ಟಿದ ಕೂಡಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಚಿನ್ನದ ಹುಚ್ಚು ಈಗ ಪ್ಲಗ್ಗಿನ ತುದಿಗೆ ಬಂದು ನಿಂತಿದೆ, ಅಷ್ಟೆ.

ಕೊನೆಗೆ ದುಂಬಿ ಹಿಡಿಯಲು ಮೂಲೆ ಅಂಗಡಿಯ ಎಲೆಕ್ಟ್ರಿಷಿಯನ್ ಬಂದರು. ಜೇಬಲ್ಲಿ ಟೆಸ್ಟರು, ಬಾಯಲ್ಲಿ ಎಲೆಅಡಿಕೆ. ಚಿನ್ನದ ವೈರನ್ನು ಕಾಲಲ್ಲಿ ಆಚೆ ಸರಿಸಿದರು. ಭಾಮೈದನ ಎದೆ ಧಸಕ್ಕೆಂದಿತು. ಸೆಟ್‌ಟಾಪ್ ಬಾಕ್ಸಿನ ಕೇಬಲ್ ಕಿತ್ತರು. ದುಂಬಿ ಸತ್ತಿತು. ಮತ್ತೆ ಸಿಕ್ಕಿಸಿದರು. ಗುಂಯ್.

"ನಿಮ್ ಅರ್ತು ಗುಂಡಿ ಒಣಗೋಗದೆ ಕಣಣ್ಣ. ಮಣ್ಣಿಗಿಳೀಬೇಕಾದ ಲೀಕೇಜೆಲ್ಲ ಈ ಕೇಬಲ್ ಹಿಡ್ಕಂಡು ಓಡ್ತಾ ಅದೆ. ಗುಂಡಿಗೆ ಒಂದಷ್ಟು ಇದ್ದಿಲು, ಉಪ್ಪು ಹಾಕಿ, ನಾಕು ಬಿಂದಿಗೆ ನೀರುಯ್ಯಿ. ಸರೋಯ್ತದೆ."

ಭಾಮೈದ ತುಂಬಾ ಹೊತ್ತು ಯೋಚಿಸಿದ. ಪರವಾಗಿಲ್ಲ, ಬುದ್ಧಿ ಬಂತು ಅಂದುಕೊಂಡೆ.

"ಉಪ್ಪು ಅಂದ್ರೆ ಮಾಮೂಲಿ ಕಲ್ಲುಪ್ಪಾ? ಇಲ್ಲ, ಹಿಮಾಲಯದ ಪಿಂಕ್ ಉಪ್ಪು ಹಾಕಿದ್ರೆ ವೀಣೆ ಇನ್ನೂ ಸ್ವಲ್ಪ ಬಿಡಿಸಿ ಕೇಳ್ಸುತ್ತಾ?"