ಅಪ್ಪನ ಮುಖ ನೋಡಿದ ಪೈಲಟ್

ಮಗಳು ಹಡಗು ಗುದ್ದಿಸಿದ್ದಕ್ಕೆ ನನಗೇನೂ ಬೇಜಾರಾಗಲಿಲ್ಲ. ಗುದ್ದಿಸುವ ಮೊದಲು ಹಿಂದೆ ತಿರುಗಿ ನನ್ನ ಮುಖ ನೋಡಿದಳಲ್ಲ, ಅದು ಮಾತ್ರ ಇನ್ನೂ ಚುಚ್ಚುತ್ತಿದೆ.

2023ರ ನವೆಂಬರ್, ಥ್ಯಾಂಕ್ಸ್‌ಗಿವಿಂಗ್ ರಜೆ. ನಾವಿರುವ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಆನಹೈಮ್‌ವರೆಗೆ ಆರೇಳು ಗಂಟೆ ಕಾರು ಓಡಿಸಿಕೊಂಡು ಡಿಸ್ನಿಲ್ಯಾಂಡಿಗೆ ಹೋಗಿದ್ದೆವು. ಕಟ್ಟಿಕೊಂಡು ಹೋದ ಪುಳಿಯೋಗರೆ ಅರ್ಧ ದಾರಿಗೇ ಖಾಲಿ. ಮಗಳಿಗೆ ಆಗ ಒಂಬತ್ತು ವರ್ಷ. ಚಿಕ್ಕವನು ಇನ್ನೂ 38 ಇಂಚು ಮುಟ್ಟಿರಲಿಲ್ಲ, ಅಷ್ಟು ಎತ್ತರ ಇಲ್ಲದಿದ್ದರೆ ನಾವು ಹೋಗಬೇಕೆಂದಿದ್ದ ಆಟಕ್ಕೆ ಬಿಡುವುದಿಲ್ಲ. ಹಾಗಾಗಿ ಹೆಂಡತಿ ಅವನನ್ನು ಕಟ್ಟಿಕೊಂಡು ಹೊರಗೆ ಕೂತಳು. ನಾನು, ಮಗಳು ಸಾಲಿಗೆ ನಿಂತೆವು.

ಆಟದ ಹೆಸರು ಮಿಲೇನಿಯಮ್ ಫಾಲ್ಕನ್: ಸ್ಮಗ್ಲರ್ಸ್ ರನ್. 2019ರ ಮೇ 31ಕ್ಕೆ ಶುರುವಾದದ್ದು. ಸ್ಟಾರ್ ವಾರ್ಸ್ ನೋಡದವರಿಗೂ ತಿಳಿಯುತ್ತದೆ. ಒಂದು ಡಕೋಟಾ ಆಕಾಶಹಡಗು, ಅದರಲ್ಲಿ ಕಳ್ಳಮಾಲು ಸಾಗಿಸಬೇಕು, ಅಷ್ಟೇ. ಆರು ಸೀಟು. ಮುಂದೆ ಇಬ್ಬರು ಪೈಲಟ್, ನಡುವೆ ಇಬ್ಬರು ಗುಂಡು ಹೊಡೆಯುವವರು, ಹಿಂದೆ ಇಬ್ಬರು ಎಂಜಿನಿಯರ್. ಎದುರಿನ ಪರದೆಯಲ್ಲಿ ಬೆಟ್ಟ, ರೈಲು, ಆಕಾಶ ಎಲ್ಲ ನುಗ್ಗಿ ಬರುತ್ತಿದ್ದವು. ನೀವು ತಿರುಗಿಸಿದ ಕಡೆಗೇ ಹಡಗು ವಾಲುತ್ತದೆ. ಮಜಾ ಇರುವುದು ಮುಂದಿನ ಸೀಟುಗಳಲ್ಲಿ. ಎಡಗಡೆ ಕೂತವರ ಕೈಯಲ್ಲಿ ಎಡ-ಬಲ ಮಾತ್ರ. ಬಲಗಡೆ ಕೂತವರ ಕೈಯಲ್ಲಿ ಮೇಲೆ-ಕೆಳಗೆ ಮಾತ್ರ. ಒಂದು ಹಡಗಿಗೆ ಎರಡು ಅರ್ಧ ಡ್ರೈವರು.

ಆರು ಜನ ಒಟ್ಟಿಗೆ ಬರದಿದ್ದರೆ ಗುರುತಿಲ್ಲದವರ ಜೊತೆ ಸೇರಿಸುತ್ತಾರೆ. ಯಾರಿಗೆ ಯಾವ ಕೆಲಸ ಅಂತ ಒಂದೊಂದು ಕಾರ್ಡ್ ಕೈಗೆ ಬರುತ್ತದೆ. ನಮ್ಮಿಬ್ಬರಿಗೂ ಬಂದದ್ದು ಎಂಜಿನಿಯರ್. ಹದಿನಾಲ್ಕು ವರ್ಷದಿಂದ ಮಾಡುತ್ತಿರುವುದೂ ಅದೇ, ದುಡ್ಡು ಕೊಟ್ಟು ಬಂದಲ್ಲೂ ಅದೇ.

ಎಡಗಡೆ ಪೈಲಟ್ ಕಾರ್ಡ್ ಒಬ್ಬ ಪುಟ್ಟ ಹುಡುಗನಿಗೆ ಬಂತು. ಆರೋ ಏಳೋ ವರ್ಷ, ಮುಂದಿನ ಎರಡು ಹಲ್ಲು ಇಲ್ಲ. ಬಲಗಡೆಗೆ ಅವನ ಅಜ್ಜ. ನಡುವಿನ ಸೀಟಿಗೆ ಒಂದು ಗಂಡ-ಹೆಂಡತಿ. ಹಡಗು ಹೊರಟಿತು. ಹುಡುಗ ಎಡಕ್ಕೆ ತಿರುಗಿಸಿದ. ಎಡಕ್ಕೇ ಇಟ್ಟ. ಬಂಡೆ ಸವರಿಕೊಂಡು ಹೋದೆವು, ಕಂಬ ಸವರಿಕೊಂಡು ಹೋದೆವು. ಅವನು ಒಂದು ಸಲ ಗುದ್ದಿದರೆ ನನ್ನ ಪಕ್ಕದ ಗೋಡೆಯಲ್ಲಿ ಬಟನ್‌ಗಳೆಲ್ಲ ಮಿಣಮಿಣ ಅನ್ನುತ್ತವೆ, ಅವನ್ನು ಒತ್ತಿ ರಿಪೇರಿ ಮಾಡುವುದು ಎಂಜಿನಿಯರ್ ಕೆಲಸ. ನಾನು ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ. ಕೊನೆಗೆ ತಡೆಯಲಾರದೆ ಬಾಯಿಂದ ಬಂದೇಬಿಟ್ಟಿತು: "ಬಲಕ್ಕೆ ತಿರುಗ್ಸಾ ಮಾರಾಯ, ಬಲಕ್ಕೆ!"

ಅಲ್ಲಿ ಕನ್ನಡ ತಿಳಿಯುತ್ತಿದ್ದದ್ದು ಒಬ್ಬಳಿಗೇ. ಅವಳು "ಅಪ್ಪಾ, ಸುಮ್ನಿರು" ಅಂದಳು.

ನಾನು ನೋಡುತ್ತಿದ್ದದ್ದು ಆ ಅಜ್ಜನ ಕೈಯನ್ನು. ಎರಡೂ ಕೈ ತನ್ನ ಹಿಡಿಯ ಮೇಲೇ ಇತ್ತು. ಮೊಮ್ಮಗನ ಹಿಡಿ ಒಂದು ಮೊಳ ದೂರ. ಚಾಚಲಿಲ್ಲ. ಬಂಡೆ ಬಂದರೆ ಹಡಗನ್ನು ಮೇಲೆ ಎತ್ತುತ್ತಿದ್ದರು, ತನಗೆ ಕೊಟ್ಟ ಪಾಲು ಅಷ್ಟೇ ಅನ್ನುವ ಹಾಗೆ. ಆಟ ಮುಗಿದಾಗ ಲೆಕ್ಕ ಬರುತ್ತದೆ, ಎಷ್ಟು ಸಂಪಾದನೆ, ಹಡಗಿಗೆ ಆದ ಪೆಟ್ಟಿಗೆ ಎಷ್ಟು ಕಳೆದರು ಅಂತ. ನಮ್ಮದು ಹೇಳಿಕೊಳ್ಳುವ ಹಾಗಿರಲಿಲ್ಲ. ಗುಂಡು ಹೊಡೆಯುವ ಗಂಡ-ಹೆಂಡತಿ ಎದ್ದವರು ಹುಡುಗನಿಗೆ "ಥ್ಯಾಂಕ್ಯೂ ಕ್ಯಾಪ್ಟನ್" ಅಂದರು. ವ್ಯಂಗ್ಯ ಇರಲಿಲ್ಲ, ನಾನು ಹುಡುಕಿದೆ. ಮುಕ್ಕಾಲು ಗಂಟೆ ಸಾಲಲ್ಲಿ ನಿಂತು ಬಂದವರು ಅವರೂ.

ಸಂಜೆ ಮಗಳು ಮತ್ತೆ ಹೋಗೋಣ ಅಂದಳು. ಈ ಸಲ ಎಡಗಡೆ ಪೈಲಟ್ ಕಾರ್ಡ್ ಅವಳಿಗೇ ಬಂತು. ಬಲಗಡೆಗೆ ನಡುವಯಸ್ಸಿನ ಒಬ್ಬ ಮನುಷ್ಯ, ಒಂಟಿಯಾಗಿ ಬಂದವನು. ನಾನು ಮತ್ತೆ ಎಂಜಿನಿಯರೇ, ಆ ಮಾತು ಬಿಡಿ. ಕೂತ ಕೂಡಲೇ ಆತ ಅವಳ ಕಡೆ ವಾಲಿ, ಯಾವಾಗ ಏರಿಸಬೇಕು ಯಾವಾಗ ಇಳಿಸಬೇಕು ನೀನು ಹೇಳು, ಹಾಗೇ ಮಾಡ್ತೀನಿ ಅಂದ. ಅವಳು ಉತ್ತರ ಕೊಡಲಿಲ್ಲ. ಪೂರಾ ಹಿಂದೆ ತಿರುಗಿ ನನ್ನ ಮುಖ ನೋಡಿದಳು. ಹೇಳಲಾ ಬೇಡವಾ ಅಂತ. ಅಷ್ಟರಲ್ಲಿ ಹಡಗು ಹೋಗಿ ಬಾಗಿಲ ಚೌಕಟ್ಟಿಗೆ ಬಡಿದಾಗಿತ್ತು.

ಇದೆಲ್ಲಿಂದ ಬಂತು ಇವಳಿಗೆ? ಹುಟ್ಟಿದ್ದು ಇಲ್ಲೇ, ಶಾಲೆ ಇಲ್ಲೇ. ಮನೆಯಲ್ಲಿ ಮಾತ್ರ ನಾನಿದ್ದೇನೆ, ಸಾಗರದ ಕಡೆಯವನು.

ನಮ್ಮ ಕಡೆ ಒಂದು ಮಾತಿದೆ, "ಇಲ್ಲಿ ಕೊಡು." ಬೆಳೆದ ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಕೇಳಿದ್ದೇನೆ. ಹಾಲಿನ ಪ್ಯಾಕೆಟ್ ಕತ್ತರಿಸಲು ಹೋದರೆ, ಇಲ್ಲಿ ಕೊಡು. ರೇಡಿಯೋ ಕಿವಿ ತಿರುಗಿಸಿದರೆ, ಇಲ್ಲಿ ಕೊಡು. ನಿಂಗಾಗಲ್ಲ, ಚೆಲ್ತೀಯ, ಹಾಳು ಮಾಡ್ತೀಯ, ಕೊಡು ಇಲ್ಲಿ. ಅಪ್ಪನ ಚೇತಕ್ ಸ್ಕೂಟರಿನಲ್ಲಿ ಮುಂದೆ ನಿಂತು ಹ್ಯಾಂಡಲ್ ಹಿಡಿದುಕೊಂಡು ಹೋಗುತ್ತಿದ್ದೆ. ಸಾಗರ ಪೇಟೆಯವರೆಗೂ ನಾನೇ ಓಡಿಸುತ್ತಿದ್ದೇನೆ ಅನ್ನುವ ಭ್ರಮೆ. ನನಗೆ ಕೊಟ್ಟಿದ್ದದ್ದು ಹಾರನ್ ಒಂದೇ, ಅದೂ ತಿರುವಿನಲ್ಲಿ ಮಾತ್ರ.

ದೊಡ್ಡವರಾದ ಮೇಲೂ ಬಿಡುವುದಿಲ್ಲ. ಸಿಗಂದೂರಿಗೆ ಹೋಗುವಾಗ ಶರಾವತಿ ಹಿನ್ನೀರು ದಾಟಲು ಹೊಳೆಬಾಗಿಲಲ್ಲಿ ಕಾರನ್ನು ಲಾಂಚ್ ಹತ್ತಿಸುತ್ತಿದ್ದೆವಲ್ಲ, ನೆನಪಿಸಿಕೊಳ್ಳಿ. 2025ರ ಜುಲೈಯಲ್ಲಿ ಸೇತುವೆ ಆಯಿತು, ಈಗ ಆ ಪಾಡಿಲ್ಲ. ಕಾರನ್ನು ರಿವರ್ಸ್ ಹಾಕಿದರೆ ಸಾಕು, ಎಲ್ಲಿದ್ದರೋ, ಐದು ಜನ ಬಂದು ನಿಲ್ಲುತ್ತಿದ್ದರು. ಬರ್ಲಿ ಬರ್ಲಿ. ರೈಟ್ ಕಟ್ ಮಾಡಿ. ಲೆಫ್ಟ್ ಲೆಫ್ಟ್. ಅದರಲ್ಲಿ ಒಬ್ಬರು ಮಂಗಳಾರತಿ ತಟ್ಟೆ ಹಿಡಿದ ಹಾಗೆ ಕೈ ಆಡಿಸುತ್ತಾರೆ, ಮುಂದೆ ಹೋಗು ಅಂತಲೋ ಹಿಂದೆ ಬಾ ಅಂತಲೋ ದೇವರಿಗೇ ಗೊತ್ತು. ಇನ್ನೊಬ್ಬರು ಕಿಟಕಿಯಿಂದ ಕೈ ತೂರಿಸಿ ಸ್ಟಿಯರಿಂಗನ್ನೇ ತಿರುಗಿಸುತ್ತಾರೆ. ಉಪಕಾರವೇ, ಅಲ್ಲ ಅನ್ನುವುದಿಲ್ಲ. ಆದರೆ ನನ್ನ ಕಾರಿನ ಸ್ಟಿಯರಿಂಗ್ ನನ್ನದು ಅನ್ನುವುದು ಅಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ. ಆ ಹಲ್ಲಿಲ್ಲದ ಹುಡುಗನ ಹಡಗು ಹೊಳೆಬಾಗಿಲಲ್ಲಿ ಇದ್ದಿದ್ದರೆ? ಮೊದಲ ಬಂಡೆಗೇ ಅವನನ್ನು ಎತ್ತಿ ಯಾರದ್ದಾದರೂ ತೊಡೆ ಮೇಲೆ ಕೂರಿಸಿ, ಕೈಗೊಂದು ಬಿಸ್ಕೆಟ್ ಕೊಟ್ಟು, ಐದೂ ಜನ ಒಂದೇ ಹಿಡಿಗೆ ಕೈ ಹಾಕುತ್ತಿದ್ದರು.

ಡಿಸೆಂಬರ್ ಕೊನೆಗೆ ಊರಿಗೆ ಹೋದೆವು. ಚಿಕ್ಕಮ್ಮನ ಮನೆ ತೀರ್ಥಹಳ್ಳಿ. 2024ರ ಜನವರಿ, ಎಳ್ಳಮಾವಾಸ್ಯೆ ಜಾತ್ರೆ. ತೇರಿನ ದಿನ ಮಧ್ಯಾಹ್ನ ಊಟ ಮುಗಿಸಿ ಮಕ್ಕಳನ್ನು ಆಟದ ಕಡೆ ಕರೆದುಕೊಂಡು ಹೋದೆ. ಅಲ್ಲಿ ಪುಟ್ಟ ಕಾರುಗಳು ಒಂದು ತಟ್ಟೆಯ ಮೇಲೆ ಗುಂಡಗೆ ಸುತ್ತುವ ಆಟ. ಕೆಂಪು ಕಾರು, ಹಳದಿ ಕಾರು, ಎಲ್ಲದಕ್ಕೂ ಒಂದೊಂದು ಸ್ಟಿಯರಿಂಗ್. ಚಿಕ್ಕಮ್ಮನ ಮೊಮ್ಮಗ ಹಳದಿಯಲ್ಲಿ ಕೂತ. ಮೊದಲ ಸುತ್ತಿನಲ್ಲಿ ನಾಲಿಗೆ ಕಚ್ಚಿಕೊಂಡು ಓಡಿಸಿದ. ಎರಡನೇ ಸುತ್ತಿಗೆ ಅನುಮಾನ ಬಂತು. ಬೇಕಂತಲೇ ಉಲ್ಟಾ ತಿರುಗಿಸಿದ. ಮೂರನೇ ಸುತ್ತಿನಲ್ಲಿ ಸ್ಟಿಯರಿಂಗನ್ನು ಬುಗುರಿ ಹಾಗೆ ಗಿರಗಿರ ಬಿಟ್ಟು ಸುಮ್ಮನೆ ಕೂತ. ಇಳಿದವನು, "ಮಾವ, ಅದಕ್ಕೆ ಏನೂ ಜೋಡಿಸಿಲ್ಲ" ಅಂದ. ಐದು ವರ್ಷ ಅವನಿಗೆ.

ಅದೇ ಹೊತ್ತಿಗೆ ಆಚೆ ತೇರು ಎಳೆಯುತ್ತಿದ್ದರು. ಹಗ್ಗಕ್ಕೆ ಯಾರು ಬೇಕಾದರೂ ಕೈ ಹಚ್ಚಬಹುದು, ಮಕ್ಕಳೂ ಹಚ್ಚಿದ್ದರು. ಮಗಳಿಗೆ ಖುಷಿಯೋ ಖುಷಿ. ನನ್ನ ತಲೆಯಲ್ಲಿ ಮಾತ್ರ ಆ ಹಳದಿ ಕಾರು. ಹಗ್ಗ ಸಾವಿರ ಜನರ ಕೈಯಲ್ಲಿದೆ, ಆದರೆ ತೇರು ಯಾವ ಕಡೆ ಹೊರಳಬೇಕು ಅನ್ನುವುದು ಚಕ್ರದ ಬುಡದಲ್ಲಿ ಮರದ ತುಂಡು ಹಿಡಿದು ಬಗ್ಗಿ ನಡೆಯುವ ಇಬ್ಬರ ಕೈಯಲ್ಲಿ. ನಮ್ಮಲ್ಲಿ ಎಲ್ಲದಕ್ಕೂ ಹೀಗೇ ಅಲ್ವಾ? ಎಳೆಯಲು ಎಲ್ಲರೂ ಬೇಕು. ತಿರುಗಿಸುವವರು ಇಬ್ಬರೇ, ಅವರೂ ತಲೆ ನರೆತವರು. ಮದುವೆಯಾದ ಮಗನನ್ನು ಕೂರಿಸಿಕೊಂಡು ಬ್ಯಾಂಕಿನ ಫಾರಂ ಅಪ್ಪನೇ ತುಂಬುವ ಮನೆ ಎಷ್ಟಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇದನ್ನೇ ಹೇಳಿದೆ. ಸ್ವಲ್ಪ ಜೋರಾಗಿಯೇ. ಚಿಕ್ಕಪ್ಪ ಹುಳಿ ಕಲಸುತ್ತ ಎಲ್ಲ ಕೇಳಿದರು. ಆಮೇಲೆ, "ಆ ಹಡಗು ಬಿದ್ರೆ ಎಲ್ಲಿಗೆ ಬೀಳ್ತದೆ?" ಅಂದರು.

ಎಲ್ಲಿಗೂ ಬೀಳುವುದಿಲ್ಲ. ಅದೇ ವಿಷಯ. ಏನು ಗುದ್ದಿದರೂ ನಾಲ್ಕೈದು ನಿಮಿಷಕ್ಕೆ ಎಲ್ಲರನ್ನೂ ತಂದು ಅದೇ ಬಾಗಿಲಿಗೆ ಇಳಿಸುತ್ತದೆ. ಮಗುವಿನ ಕೈಗೆ ಹಡಗು ಕೊಡುವುದು ಅಲ್ಲಿ ದೊಡ್ಡ ಮನಸ್ಸೇನಲ್ಲ, ಕಂಪ್ಯೂಟರ್ ಹಿಂದೆ ನಿಂತಿದೆ. ಅಲ್ಲಿಯೇ ಆಟೋಪಿಯಾ ಅಂತ ಇನ್ನೊಂದು ಆಟ ಇದೆ, 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದ ದಿನದಿಂದ ಇರುವುದು. ಮಕ್ಕಳು ನಿಜವಾದ ಪುಟ್ಟ ಕಾರು ಓಡಿಸುವುದು. ಮೊದಲು ರಸ್ತೆಗೆ ಹಳಿ ಇರಲಿಲ್ಲ. ಮಕ್ಕಳು ಒಬ್ಬರಿಗೊಬ್ಬರು ಗುದ್ದಿದ್ದೇ ಗುದ್ದಿದ್ದು. ಆಮೇಲೆ ರಸ್ತೆ ನಡುವೆ ಉದ್ದಕ್ಕೂ ಹಳಿ ಹಾಕಿದರು. ಈಗ ಎಷ್ಟು ತಿರುಗಿಸಿದರೂ ಕಾರು ಹಳಿಯ ಆಚೆ ಈಚೆ ಒಂದಿಷ್ಟು ಓಲಾಡುತ್ತದೆ, ಅಷ್ಟೇ. ಹಳದಿ ಕಾರಿಗಿಂತ ಒಂದು ಕೈ ಮೇಲು ಅನ್ನಬಹುದು, ಜಾಸ್ತಿ ಏನಲ್ಲ. ಕೊಡಚಾದ್ರಿ ಬೆಟ್ಟ ಹತ್ತುವ ಜೀಪಿಗೆ ಹಳಿ ಎಲ್ಲಿದೆ? ಅಲ್ಲಿ ಡ್ರೈವರ್ ಕೈಯಿಂದ ಯಾರಾದರೂ ಮಗುವಿಗೆ ಸ್ಟಿಯರಿಂಗ್ ಕೊಟ್ಟರೆ ಮೊದಲು ಕಿರುಚುವವನು ನಾನೇ. ಆ "ಥ್ಯಾಂಕ್ಯೂ ಕ್ಯಾಪ್ಟನ್" ಅಂದ ದಂಪತಿಗೂ ಆ ಹುಡುಗನ ಜೊತೆ ಬಾಳುವೆ ಮಾಡಬೇಕಾಗಿರಲಿಲ್ಲ.

ಚಿಕ್ಕಪ್ಪನಿಗೆ ಇದನ್ನೆಲ್ಲ ನಾನು ಹೇಳಲಿಲ್ಲ. ಮಜ್ಜಿಗೆ ಹಾಕಿಸಿಕೊಂಡೆ.

ನಾಲ್ಕು ದಿನ ಬಿಟ್ಟು ನಮ್ಮ ತೋಟದಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು. ಸುಮಾರು ಕಡೆ ಈಗ ನೆಲದಲ್ಲೇ ನಿಂತು ಕೊಯ್ಯುವ ಫೈಬರ್ ದೋಟಿ ಬಂದಿದೆ, ನಮ್ಮಲ್ಲಿ ಇನ್ನೂ ಮರ ಹತ್ತುವ ಕೊನೆಗೌಡನೇ. ಕಾಲಿಗೆ ತಳೆ ಹಾಕಿಕೊಂಡು ಮೇಲೆ ಹೋದರೆ ಇಳಿಯುವ ಮಾತಿಲ್ಲ, ಮರದಿಂದ ಮರಕ್ಕೆ ತೂಗಿಕೊಂಡು ದಾಟುತ್ತಾನೆ. ಮೇಲೆ ಅವನು ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಸುತ್ತಾನೆ. ಕೆಳಗೊಬ್ಬರು ಹಗ್ಗದ ತುದಿ ಎಳೆದು ಹಿಡಿದು ನಿಂತಿರಬೇಕು. ಹಗ್ಗ ಬಿಗಿಯಾದರೆ ಕೊನೆ ನೀಟಾಗಿ ಜಾರಿ ಕಾಲ ಬುಡಕ್ಕೆ ಬಂದು ಕೂರುತ್ತದೆ. ಸಡಿಲ ಬಿಟ್ಟರೆ ನೆಲಕ್ಕೆ ಬಡಿದು ಅಡಿಕೆಯೆಲ್ಲ ಚೆಲ್ಲಾಪಿಲ್ಲಿ. ಹತ್ತು ಹನ್ನೆರಡು ವರ್ಷಕ್ಕೆ ನನ್ನನ್ನೂ ಹಗ್ಗಕ್ಕೆ ನಿಲ್ಲಿಸಿದ್ದರು, ಹೌದು. ಸುಗ್ಗಿಯ ರಾತ್ರಿ ದೊಡ್ಡವರ ಸಾಲಲ್ಲಿ, ಮಣೆಗೆ ಕತ್ತಿ ಕಚ್ಚಿಸಿದ ಮೆಟ್ಟುಗತ್ತಿ ಮೇಲೆ ಕೂರಿಸಿ ಅಡಿಕೆ ಸುಲಿಸಿದ್ದೂ ಹೌದು. ಎಡಗೈ ಹೆಬ್ಬೆರಳಲ್ಲಿ ಗುರುತಿದೆ. ಹಾಲಿನ ಪ್ಯಾಕೆಟ್ ಕತ್ತರಿಸಲು ಬಿಡದವರು ಮೆಟ್ಟುಗತ್ತಿ ಕೊಟ್ಟಿದ್ದರು. ಇದು ಮೊದಲೇ ನೆನಪಾಗಿದ್ದರೆ ತೀರ್ಥಹಳ್ಳಿಯಲ್ಲಿ ಅಷ್ಟು ಜೋರಾಗಿ ಮಾತಾಡುತ್ತಿರಲಿಲ್ಲವೋ ಏನೋ.

ಮಗಳು ಹಗ್ಗ ನೋಡಿದಳು. "ನಾನು ಹಿಡೀಲಾ?" ಅಂದಳು. ಕೇಳಿದ್ದು ಅಜ್ಜನನ್ನು. ಬೇಡ, ತಲೆ ಮೇಲೆ ಬಿದ್ದರೆ ಅಂತ ನಾನು ಬಾಯಿ ತೆಗೆಯುವಷ್ಟರಲ್ಲಿ ಅಪ್ಪ, "ಹಿಡಿಲಿ ಬಿಡಾ ತಮಾ" ಅಂದು ಅವಳ ಹಿಂದೆ ಹೋಗಿ ನಿಂತರು. ಹಗ್ಗ ಮುಟ್ಟಲಿಲ್ಲ. ಭುಜ ಹಿಡಿದು ಅವಳನ್ನು ಎರಡು ಹೆಜ್ಜೆ ಹಿಂದೆ ತಂದರು, ಮರದಿಂದ ದೂರಕ್ಕೆ. ಮೇಲಿನಿಂದ ಕೂಗು ಬಂತು: "ಪುಟ್ಟಮ್ಮಾ, ಬಿಡ್ಲಾ?"

ಅವಳು ಮೇಲೆ ನೋಡಿದಳು. "ಬಿಡಿ!"

ಕೊನೆ ಅರ್ಧದವರೆಗೆ ಚೆನ್ನಾಗಿ ಬಂತು. ಆಮೇಲೆ ಅದರ ಭಾರಕ್ಕೆ ಹಗ್ಗ ಅವಳ ಕೈಯಿಂದ ಸರ್ರನೆ ಜಾರಿತು. ಧಡ್ ಅಂತ ಬಿತ್ತು. ತೋಟದ ಕಾಲುವೆ, ನಮ್ಮ ಕಾದಿಗೆ, ಅದರ ತುಂಬಾ ಅಡಿಕೆ. ನಾನು ತಡೆಯಲಿಲ್ಲ, "ಇಲ್ಲಿ ಕೊಡು" ಅಂದೆ. ಹೋಗಿ ಹಗ್ಗ ಕಿತ್ತುಕೊಂಡೆ. ಹೀಗೆ ಹಿಡೀಬೇಕು, ಕಾಲು ಹೀಗೆ ಅಗಲಿಸಬೇಕು ಅಂತ ಪಾಠ ಮಾಡುತ್ತ ನಿಂತೆ. ಬಿಡು ಅಂತ ಕೂಗಿದೆ. ಇಪ್ಪತ್ತೈದು ವರ್ಷ ಆಗಿತ್ತು ನೋಡಿ ಹಗ್ಗ ಹಿಡಿದು. ನನ್ನ ಕೊನೆ ಅವಳದ್ದಕ್ಕಿಂತ ಜೋರಾಗಿ ಬಿತ್ತು.

ಮರದ ಮೇಲಿದ್ದವನು ನಕ್ಕಿದ್ದು ಕೆಳಗೆ ಕೇಳಿಸಿತು. ಅಪ್ಪ ನಗಲಿಲ್ಲ. ಬುಟ್ಟಿ ತಂದು ನಮ್ಮಿಬ್ಬರ ನಡುವೆ ಇಟ್ಟರು.

"ಇಬ್ರೂ ಹೆಕ್ಕಿ."